ಗೋಡೆಗೆ ಮುಖ ಮಾಡಿದ ಡಬ್ಬಿಗಳು

ಏಳನೇ ಡಬ್ಬಿ ತನ್ನ ಜಾಗದಿಂದ ಒಂದು ಬೆರಳಿನಷ್ಟು ಸರಿದಿತ್ತು.

ಬೇರೆಯವರಾಗಿದ್ದರೆ ಇದು ಕಣ್ಣಿಗೆ ಬೀಳುತ್ತಲೂ ಇರಲಿಲ್ಲ. ನಮ್ಮ ಮನೆಯ ಉಗ್ರಾಣದಲ್ಲಿ ಒಣಗಿಸಿದ ಆಲೂಗಡ್ಡೆ ಬಿಲ್ಲೆಯ ಹದಿನೆಂಟು ತಗಡಿನ ಡಬ್ಬಿಗಳು ಸಾಲಾಗಿ ಕೂತಿವೆ. ಒಂದೊಂದರ ಮೇಲೂ ತುಂಬಿಟ್ಟ ತಿಂಗಳು ಬರೆದ ಚೀಟಿ ಅಂಟಿಸಿದ್ದೇನೆ, ಆದರೆ ಚೀಟಿಗಳೆಲ್ಲ ಗೋಡೆಯ ಕಡೆ ಮುಖ ಮಾಡಿವೆ. ಯಾರಾದರೂ ಡಬ್ಬಿ ಎತ್ತಿ ಮತ್ತೆ ಇಡುವಾಗ ಅಭ್ಯಾಸಬಲದಿಂದ ಚೀಟಿಯನ್ನು ಈಚೆ ತಿರುಗಿಸಿಬಿಡುತ್ತಾರೆ, ಸಿಕ್ಕಿಬೀಳುತ್ತಾರೆ. ಇದು ನಾನು ಮೂವತ್ತು ವರ್ಷದಿಂದ ಹಾಕಿಟ್ಟ ಬಲೆ. ಈವರೆಗೆ ಬಿದ್ದವನು ನನ್ನ ಮಗ ಒಬ್ಬನೇ, ಅದೂ ಎಂಟನೇ ವಯಸ್ಸಿನಲ್ಲಿ.

ಈ ಸಲದ ಕೈ ಹುಷಾರಿನದು. ಚೀಟಿಯನ್ನು ಗೋಡೆಗೇ ತಿರುಗಿಸಿ ಇಟ್ಟಿತ್ತು. ಹಲಗೆಯ ಧೂಳಿನಲ್ಲಿ ಡಬ್ಬಿ ಕೂತ ದುಂಡು ಗುರುತು ಉಳಿದಿರುತ್ತದೆ ಎಂಬುದನ್ನು ಮಾತ್ರ ಮರೆತಿತ್ತು. ದಡ್ಡ ಕಳ್ಳನನ್ನಾದರೂ ಕ್ಷಮಿಸಿಯೇನು, ನನ್ನ ಕ್ರಮವನ್ನೆಲ್ಲ ನೋಡಿ ಕಲಿತು ನನ್ನ ಉಗ್ರಾಣಕ್ಕೇ ಕೈ ಹಾಕುವವರನ್ನು ನಾನು ಸುಮ್ಮನೆ ಬಿಡುವವಳಲ್ಲ.

ಮನೆಯಲ್ಲಿರುವುದು ನಾಲ್ಕೇ ಜನ. ನಮ್ಮ ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. ಊಟಕ್ಕೆ ಕರೆದರೆ ಬರುತ್ತಾರೆ, ಇಲ್ಲದಿದ್ದರೆ ಕಿಟಕಿಯ ಹತ್ತಿರ ಕೂತು ಬೀದಿಯಲ್ಲಿ ಹೋಗುವ ಬಸ್ಸುಗಳ ಗೇರಿನ ಸದ್ದಿನಲ್ಲಿ ತಪ್ಪು ಹುಡುಕುತ್ತಾರೆ. ಮಗ ದಿನವಿಡೀ ಲೇತ್ ಯಂತ್ರದ ಮುಂದೆ ನಿಲ್ಲುವವನು. ಉಪ್ಪು ಎಲ್ಲಿದೆಯಮ್ಮ ಅಂತ ಈಗಲೂ ಕೇಳುತ್ತಾನೆ. ಉಳಿದವಳು ಸೊಸೆ.

ಸೊಸೆ ಈ ಮನೆಗೆ ಬಂದು ಒಂದೂವರೆ ವರ್ಷವಾಯಿತು. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ, ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾಳೆ. ಎದುರು ಮಾತಾಡುವುದಿಲ್ಲ, ಪಾತ್ರೆ ಸದ್ದು ಮಾಡುವುದಿಲ್ಲ, ಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾಳೆ. ಇಷ್ಟೊಂದು ಒಳ್ಳೆಯತನವನ್ನು ನಾನು ಯಾವತ್ತೂ ನಂಬಿದವಳಲ್ಲ. ಜಗಳಗಂಟಿ ಸೊಸೆಯಾದರೆ ಹೊಟ್ಟೆಯಲ್ಲಿರುವುದು ನಾಲಿಗೆಗೆ ಬರುತ್ತದೆ, ಲೆಕ್ಕ ಚುಕ್ತಾ. ಇವಳದ್ದು ಹೊಟ್ಟೆಯಲ್ಲೇ ಉಳಿಯುತ್ತದೆ.

ಡಬ್ಬಿಯನ್ನು ಕೆಳಗಿಳಿಸಿ ಮುಚ್ಚಳ ತೆಗೆದೆ. ತುಂಬಿತ್ತು. ಒಂದು ಬಿಲ್ಲೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನನ್ನ ಬಿಲ್ಲೆಯನ್ನು ಬೆಳಕಿಗೆ ಹಿಡಿದರೆ ಹಿಂದಿರುವ ಬೆರಳು ಕಾಣಬೇಕು, ಅಷ್ಟು ತೆಳ್ಳಗೆ ಹೆಚ್ಚುವುದು ಈ ಬೀದಿಯಲ್ಲಿ ನಾನೊಬ್ಬಳೇ. ಇದರಲ್ಲಿ ಬೆರಳು ಕಾಣಲಿಲ್ಲ. ಕೂದಲೆಳೆಯಷ್ಟೇ ಹೆಚ್ಚು, ಆದರೂ ದಪ್ಪ. ಡಬ್ಬಿ ನನ್ನದು, ಚೀಟಿ ನನ್ನದು, ಒಳಗಿನ ಮಾಲು ನನ್ನದಲ್ಲ. ಎಂಟು, ಒಂಬತ್ತನೆಯದನ್ನೂ ತೆಗೆದು ನೋಡಿದೆ. ಅವುಗಳ ಕಥೆಯೂ ಅದೇ.

ನನ್ನ ಬಿಲ್ಲೆಗಳು ಎಲ್ಲಿ ಹೋದವು? ತವರಿಗೆ ಹೋಗಿದ್ದರೆ ಅದು ಕಳ್ಳತನ, ಕೇಳಿ ದಂಡಿಸಬಹುದು. ಆದರೆ ನನಗೆ ಅದಕ್ಕಿಂತ ದೊಡ್ಡ ಹೆದರಿಕೆಯೊಂದಿತ್ತು. ಅದು ಏನೆಂದು ತಿಳಿಯಬೇಕಾದರೆ ನನ್ನ ಮೂಗಿನ ವಿಷಯ ಹೇಳಬೇಕು.

ಬೀದಿಯಲ್ಲಿ ನನ್ನನ್ನು ಮೂಗಿನತ್ತೆ ಅನ್ನುತ್ತಾರೆ. ತಮಾಷೆಗಲ್ಲ, ಗೌರವಕ್ಕೆ. ಹೊಸ ಆಲೂಗಡ್ಡೆಯ ಮೂಟೆ ಕೊಂಡವರು ಅದನ್ನು ಮನೆಗೆ ಒಯ್ಯುವ ಮುಂಚೆ ನಮ್ಮ ಮೆಟ್ಟಿಲ ಮುಂದೆ ಇಳಿಸುತ್ತಾರೆ. ಮೂಟೆಯ ಸುತ್ತ ಒಂದು ಸಲ ಬಂದು, ಬಗ್ಗಿ, ಕಣ್ಣು ಮುಚ್ಚಿ ಮೂಸಿದರೆ ಸಾಕು, ಕೊಳೆತವು ಎಷ್ಟಿವೆ, ಯಾವ ಮೂಲೆಯಲ್ಲಿವೆ ಅಂತ ಹೇಳುತ್ತಿದ್ದೆ. ಒಂದು ಕೊಳೆತ ಗಡ್ಡೆ ಒಳಗೇ ಉಳಿದರೆ ಹದಿನೈದು ದಿನದಲ್ಲಿ ಇಡೀ ಮೂಟೆ ನೀರಾಗುತ್ತದೆ. ಒಣಗಿಸುವುದಕ್ಕೂ ಮೂಗೇ ಬೇಕು. ಬಿಲ್ಲೆ ಹೆಚ್ಚಿ, ಉಪ್ಪುನೀರಿನಲ್ಲಿ ಅರೆಬೇಯಿಸಿ, ಮಾಳಿಗೆಯ ಮೇಲೆ ಬಟ್ಟೆ ಹಾಸಿ ಮೂರು ದಿನ ಒಣಗಿಸಿದ ಮೇಲೆ ಒಂದು ಹಿಡಿ ಎತ್ತಿ ಮೂಸುತ್ತೇನೆ. ಬೆಂದ ನೀರಿನ ವಾಸನೆ ಒಂದಿಷ್ಟು ಉಳಿದಿದ್ದರೂ ಇನ್ನೊಂದು ದಿನ ಬಿಸಿಲು ಬೇಕು. ಬೇರೆಯವರು ಮುರಿದು ನೋಡಿ ಡಬ್ಬಿಗೆ ತುಂಬುತ್ತಾರೆ, ನಾನು ಮುರಿದು ನೋಡುವವಳನ್ನು ಕಂಡರೆ ನಗುತ್ತಿದ್ದೆ.

ಚಳಿಗಾಲದ ಕೊನೆಗೆ ಹನ್ನೊಂದು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ, ವಾಸನೆ ಬರುವುದಿಲ್ಲ. ಸೀಮೆಎಣ್ಣೆಯೂ ನೀರೂ ಒಂದೇ. ನಾಲ್ಕು ತಿಂಗಳಿಂದ ಹೀಗಿದ್ದೇನೆ, ಯಾರಿಗೂ ಹೇಳಿಲ್ಲ. ಜ್ವರ ಬಿಟ್ಟ ಮೇಲೂ ಹೊಸ ಗಡ್ಡೆ ಒಣಗಿಸಿ ಏಳರಿಂದ ಹನ್ನೊಂದರ ತನಕ ಐದು ಡಬ್ಬಿ ತುಂಬಿದೆ. ಹಿಡಿ ಎತ್ತಿ, ಕಣ್ಣು ಮುಚ್ಚಿ, ಮೂಸಿದ ಹಾಗೆ ಮಾಡಿ, ಆಗಿದೆ ಅಂತ ತಲೆಯಾಡಿಸಿದೆ. ಮುರಿದು ನೋಡಲು ಅಹಂಕಾರ ಬಿಡಲಿಲ್ಲ.

ಯಾಕೆ ಹೇಳಲಿಲ್ಲ ಅಂದರೆ, ಕೈಲಾಗದ ಹೆಂಗಸಿಗೆ ಈ ಮನೆಯಲ್ಲಿ ಏನು ಮಾಡುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಮಾಡಿದವಳು ನಾನೇ.

ಉಗ್ರಾಣದ ಕೀಲಿ ಆಗ ನಮ್ಮತ್ತೆಯ ಕೊರಳಲ್ಲಿತ್ತು. ಅವರಿಗೆ ಕಣ್ಣು ಮಂಜಾಗಿತ್ತು, ಅವರೂ ಯಾರಿಗೂ ಹೇಳಿರಲಿಲ್ಲ. ಮೊಳಕೆ ಬಂದದ್ದು, ಹಸಿರು ತಿರುಗಿದ್ದು ಅವರಿಗೆ ಕಾಣುತ್ತಿರಲಿಲ್ಲ. ನಾನು ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಅವರ ಐದು ಕೆಟ್ಟ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನನ್ನ ಮಂಚದ ಕೆಳಗೆ ಕೂಡಿಟ್ಟೆ. ಆಮೇಲೆ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿರುವಾಗ, ಐದನ್ನೂ ತಂದು ಮೇಜಿನ ಮೇಲೆ ಸಾಲಾಗಿಟ್ಟು ಮುಚ್ಚಳ ತೆಗೆದೆ. ಒಂದು ಮಾತೂ ಜೋರಾಗಿ ಆಡಲಿಲ್ಲ. ಅತ್ತೆ ತಾವೇ ಕೊರಳಿಂದ ದಾರ ತೆಗೆದು ಕೀಲಿಯನ್ನು ಮೇಜಿನ ಮೇಲಿಟ್ಟರು. ಮಾರನೇ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಿಪ್ಪೆನಾದ್ರೂ ತೆಗೀತೀನಿ, ಕೊಡು" ಅಂದರು. "ನೀವು ಆರಾಮಾಗಿ ಕೂತ್ಕೊಳ್ಳಿ ಅತ್ತೆ" ಅಂದೆ. ಏಳು ವರ್ಷ ಕೂತಿದ್ದರು, ಕಿಟಕಿಯ ಹತ್ತಿರ, ಈಗ ಯಜಮಾನರು ಕೂರುವ ಅದೇ ಕುರ್ಚಿಯಲ್ಲಿ.

ಆದ್ದರಿಂದ ಏಳನೇ ಡಬ್ಬಿ ಸರಿದಾಗ ನನ್ನ ತಲೆ ಓಡಿದ್ದು ಆ ಭಾನುವಾರದ ಕಡೆಗೆ. ಕಳ್ಳತನವಾಗಿದ್ದರೆ ಸಾಕಪ್ಪಾ ಅಂದುಕೊಂಡೆ.

ನಾಲ್ಕು ತಿಂಗಳ ಸಂಗತಿಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು. ಹೋದ ತಿಂಗಳು ಕೆಳಮನೆಯ ಟೈಲರ್ ಹೆಂಡತಿ ಮೂಟೆ ಇಳಿಸಿದ್ದಳು. ನಾನು ಸುತ್ತು ಬಂದು, ಬಗ್ಗಿ, ಮೂಟೆಯ ಅಡಿಯನ್ನು ಕೈಯಿಂದ ಸವರುತ್ತಿದ್ದೆ, ಎಲ್ಲಾದರೂ ತೇವ ಸಿಕ್ಕೀತೆಂದು. ಹಿಂದಿನಿಂದ ಸೊಸೆಯ ದನಿ ಬಂತು. "ಎಡಗಡೆ, ಕೆಳಗಡೆ ಇರ್ಬೇಕಲ್ವಾ ಅತ್ತೆ? ನೀವೇ ಅವತ್ತು ಹೇಳ್ಕೊಟ್ಟಿದ್ರಲ್ಲ, ಕೆಳಗಿನ ಮೂಲೇಲೇ ಮೊದಲು ಕೊಳೆಯೋದು ಅಂತ."

ನಾನು ಯಾವತ್ತೂ ಹಾಗೆ ಹೇಳಿಕೊಟ್ಟಿರಲಿಲ್ಲ. ಎಡಗಡೆ ಬಿಚ್ಚಿ ನೋಡಿದರೆ ಮೂರು ಕೊಳೆತ ಗಡ್ಡೆ ಸಿಕ್ಕವು. ಟೈಲರ್ ಹೆಂಡತಿ ನನ್ನನ್ನು ಹೊಗಳುತ್ತಾ ಹೋದಳು. ನನಗೆ ಮೈಯೆಲ್ಲ ಉರಿಯಿತು. ಬೀದಿಯ ಮುಂದೆ ತನ್ನ ಮೂಗಿನ ಚುರುಕು ತೋರಿಸುತ್ತಿದ್ದಾಳೆ ಅಂತ ಲೆಕ್ಕ ಹಾಕಿದೆ.

ಕೈಯಲ್ಲಿ ಸಾಕ್ಷಿ ಬೇಕಿತ್ತು. ಕೀಲಿ ನನ್ನ ಕೊರಳಿಂದ ಇಳಿಯುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ, ಬಚ್ಚಲ ಹೊರಗಿನ ಮೊಳೆಗೆ. ನಮ್ಮಲ್ಲಿ ಆಲೂಗಡ್ಡೆ ಹಿಟ್ಟಿಗೆ ಕೊರತೆಯಿಲ್ಲ. ಮುರುಕು ಗಡ್ಡೆಗಳನ್ನು ತುರಿದು, ನೀರಿನಲ್ಲಿ ಹಿಂಡಿ, ಅಡಿಯಲ್ಲಿ ಕೂತ ಬಿಳಿಯನ್ನು ಒಣಗಿಸಿದರೆ ಪೌಡರಿನಂಥ ಹಿಟ್ಟು ಬರುತ್ತದೆ. ಮರುದಿನ ಸ್ನಾನಕ್ಕೆ ಮೊದಲು ಆ ಹಿಟ್ಟನ್ನು ಜರಡಿಯಲ್ಲಿ ಹಿಡಿದು ಉಗ್ರಾಣದ ನೆಲದ ಮೇಲೆ ಉದುರಿಸಿದೆ, ಕಾಣಿಸೀ ಕಾಣಿಸದಷ್ಟು ತೆಳ್ಳಗೆ. ಬಚ್ಚಲಿನಲ್ಲಿ ಬೇಕೆಂದೇ ಚೆಂಬಿನ ಸದ್ದು ಮಾಡುತ್ತಾ ಎಂದಿಗಿಂತ ಹೆಚ್ಚು ಹೊತ್ತು ಕೂತೆ.

ಬಂದು ನೋಡಿದರೆ ನೆಲದ ಮೇಲೆ ಹೆಜ್ಜೆಗಳಿದ್ದವು. ಸಣ್ಣ ಪಾದ ಒಳಗೆ ಹೋಗಿ, ಹಲಗೆಯ ಮುಂದೆ ನಿಂತು, ಹೊರಗೆ ಬಂದಿತ್ತು. ಅದು ಸೊಸೆಯದು, ಅದರಲ್ಲಿ ಆಶ್ಚರ್ಯವಿಲ್ಲ. ಹೊಸ್ತಿಲಲ್ಲಿ ಇನ್ನೊಂದು ಜೋಡಿ ಪಾದಗಳು ಒಳಗೂ ಬಾರದೆ ಹೊರಗೂ ಹೋಗದೆ ನಿಂತಿದ್ದವು. ಅಗಲವಾದವು. ಬಲಗಾಲಿನ ಹೆಬ್ಬೆರಳು ಹೊರಗೆ ತಿರುಗಿದ್ದು, ಮೂವತ್ತೈದು ವರ್ಷ ಆಕ್ಸಿಲರೇಟರ್ ಒತ್ತಿದ ಕಾಲು.

ನನ್ನ ಗಂಡ ಕಾವಲು ನಿಂತಿದ್ದರು. ಅಲ್ಲೇ ಗಡ್ಡೆಯ ಮೂಟೆಯ ಮೇಲೆ ಕೂತೆ.

ಸೊಸೆ ಕೆಲಸಕ್ಕೆ ಹೋದ ಮೇಲೆ ಅವಳ ಕೋಣೆ ಹುಡುಕಿದೆ. ಮಾಡಬಾರದ ಕೆಲಸ ಅಂತ ಗೊತ್ತಿತ್ತು, ಮಾಡಿದೆ. ಮಂಚದ ಕೆಳಗೆ ಮೊದಲು ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಬೀರುವಿನಲ್ಲಿ ಮಡಿಚಿಟ್ಟ ಬಟ್ಟೆಯ ಅಡಿಯಲ್ಲಿ ಒಂದು ಕೈಚೀಲ ಸಿಕ್ಕಿತು. ಅದರ ತಳದಲ್ಲಿ ಬಿಲ್ಲೆಯ ಚೂರುಗಳು. ಬೆಳಕಿಗೆ ಹಿಡಿದೆ. ಬೆರಳು ಕಾಣುವಷ್ಟು ತೆಳು, ನನ್ನದೇ. ಚೂರುಗಳ ಅಂಚಿಗೆ ಬೂದುಬಣ್ಣದ ಬೂಷ್ಟು ಹಿಡಿದಿತ್ತು. ಮೂಗಿನ ಹತ್ತಿರ ತಂದು ಜೋರಾಗಿ ಎಳೆದುಕೊಂಡೆ. ಏನೂ ಇಲ್ಲ, ಬರೀ ಗಾಳಿ.

ಹಾಗಾದರೆ ನನ್ನ ಐದು ಡಬ್ಬಿಗಳೂ ಕೆಟ್ಟಿದ್ದವು. ಅದು ಇವಳಿಗೆ ಗೊತ್ತು. ಕೆಟ್ಟದ್ದನ್ನೆಲ್ಲ ಎತ್ತಿ ಎಲ್ಲೋ ಕೂಡಿಡುತ್ತಿದ್ದಾಳೆ, ನನಗೆ ಅನುಮಾನ ಬರಬಾರದೆಂದು ಡಬ್ಬಿಗೆ ಬೇರೆ ತುಂಬಿದ್ದಾಳೆ. ನಾನು ಆ ಕಾಲದಲ್ಲಿ ಇಷ್ಟು ಜಾಣೆಯಾಗಿರಲಿಲ್ಲ. ಬರುವ ಭಾನುವಾರ ನಾದಿನಿ ಊಟಕ್ಕೆ ಬರುವವಳಿದ್ದಳು. ಯಜಮಾನರ ತಂಗಿ ಅವಳು, ಯಾರ ಮನೆಯ ಮಾತಿಗೂ ಒಗ್ಗರಣೆ ಹಾಕದೆ ಎದ್ದವಳಲ್ಲ. ಅವಳೆದುರು ಬೂಷ್ಟು ಹಿಡಿದ ಬಿಲ್ಲೆ ಮೇಜಿನ ಮೇಲೆ ಬಿದ್ದರೆ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಕೀಲಿ ಹೋಗುತ್ತದೆ, ಮೂಗಿನತ್ತೆ ಎಂಬ ಹೆಸರು ಹೋಗುತ್ತದೆ, ನನಗೆ ಉಳಿಯುವುದು ಕಿಟಕಿಯ ಹತ್ತಿರದ ಕುರ್ಚಿ.

ಅದಕ್ಕೆ ಮೊದಲು ನಾನೇ ಹೊಡೆಯಬೇಕೆಂದು ನಿರ್ಧರಿಸಿದೆ.

ಭಾನುವಾರ ಗಡ್ಡೆಗೆ ಈರುಳ್ಳಿ ಹಾಕಿ ಬೇಯಿಸಿದ್ದೆ, ಸ್ವಲ್ಪ ಹುರಿದೂ ಇಟ್ಟಿದ್ದೆ. ನಾದಿನಿ ಎರಡನೇ ಸಲ ಬಡಿಸಿಕೊಂಡು, "ಏನೇ ಹೇಳು ಅತ್ತಿಗೆ, ನಿನ್ನ ಕೈ ಈ ಸೊಸೆಗೆ ಬರೋಕೆ ಇನ್ನೂ ಹತ್ತು ವರ್ಷ ಬೇಕು" ಅಂದಳು. ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು ಅನ್ನಿಸಿತು.

"ಕೈ ಬರೋದು ಹಾಗಿರ್ಲಿ" ಅಂದೆ. "ಕೈ ಹಾಕೋದು ಚೆನ್ನಾಗಿ ಬಂದಿದೆ. ಉಗ್ರಾಣದಲ್ಲಿ ಮೂರು ಡಬ್ಬಿ ಬಿಲ್ಲೆ ಮಾಯ ಆಗಿದೆ. ನನ್ನದನ್ನ ತೆಗೆದು ಯಾವುದೋ ದಪ್ಪಂದು ತುಂಬಿಟ್ಟಿದಾರೆ. ಯಾರು ಅಂತ ನಾನೇ ಹೇಳ್ಲಾ, ಅಥವಾ ಅವರೇ ಹೇಳ್ತಾರಾ?"

ಮಗ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತ. ಯಜಮಾನರು ತಲೆಯೆತ್ತಿ ಸೊಸೆಯನ್ನು ನೋಡಿದರು, ಸೊಸೆ ಅವರನ್ನು ನೋಡಿ ಒಂದಿಷ್ಟೇ ತಲೆಯಲ್ಲಾಡಿಸಿದಳು, ಬೇಡ ಅನ್ನುವ ಹಾಗೆ. ನಾನು ಮೈಯೆಲ್ಲ ಕಣ್ಣಾಗಿ ಕೂತಿದ್ದೆ. ಈಗ ಎದ್ದು ಹೋಗಿ ತರುತ್ತಾಳೆ, ಬೂಷ್ಟಿನ ಚೀಲವನ್ನು ಮೇಜಿನ ಮೇಲೆ ಸುರಿಯುತ್ತಾಳೆ ಅಂತ ಕಾದೆ. ಒಂದು ಮಾತು ಸಾಕಿತ್ತು ಅವಳಿಗೆ.

"ನಾನೇ ತಗೊಂಡೆ ಅತ್ತೆ" ಅಂದಳು. "ಅಮ್ಮನ ಮನೆಗೆ ಕೊಟ್ಟೆ. ಕೇಳ್ಬೇಕಿತ್ತು, ತಪ್ಪಾಯ್ತು."

"ಅಯ್ಯೋ, ನೋಡೋಕೆ ಎಷ್ಟು ಸಾಧು" ಅಂತ ನಾದಿನಿ ಶುರು ಮಾಡಿದಳು. "ಅದಕ್ಕೇ ನಾನು ಹೇಳೋದು, ಮೆತ್ತಗಿರೋರನ್ನ ನಂಬಬಾರ್ದು. ತವರಿನ ಒಲೆ ನಮ್ಮನೆ ಸಾಮಾನಿಂದ ಉರೀತಿದೆ." ಊಟ ಮುಗಿಯುವ ತನಕ ನಿಲ್ಲಿಸಲಿಲ್ಲ. ಮಗ ಅರ್ಧ ಊಟಕ್ಕೆ ಎದ್ದು ಹೋದ. ಸೊಸೆ ಎಲ್ಲರ ತಟ್ಟೆ ಎತ್ತಿದಳು, ಪಾತ್ರೆ ಸದ್ದಾಗದಂತೆ ತೊಳೆದಳು.

ಗೆದ್ದವಳು ನಾನು, ಆದರೆ ಲೆಕ್ಕ ತಾಳೆಯಾಗಲಿಲ್ಲ. ಬೂಷ್ಟು ಹಿಡಿದ ಬಿಲ್ಲೆಯನ್ನು ಯಾವ ಮಗಳು ತಾಯಿಗೆ ಕೊಡುತ್ತಾಳೆ? ಅವಳು ಹೇಳಿದ್ದು ಸುಳ್ಳು ಅಂತ ನನಗೊಬ್ಬಳಿಗೇ ಗೊತ್ತಿತ್ತು. ತನ್ನನ್ನು ಉಳಿಸಿಕೊಳ್ಳಲು ಸುಳ್ಳು ಹೇಳುವವರನ್ನು ಕಂಡಿದ್ದೇನೆ, ನಾನೂ ಹೇಳಿದ್ದೇನೆ. ತನ್ನ ತಲೆಯ ಮೇಲೆ ಕಲ್ಲು ಎಳೆದುಕೊಳ್ಳಲು ಸುಳ್ಳು ಹೇಳುವವಳನ್ನು ಕಂಡಿರಲಿಲ್ಲ. ಇದರ ಹಿಂದೆ ಇನ್ನೂ ದೊಡ್ಡದೇನೋ ಇದೆ ಅನ್ನಿಸಿ ಅನುಮಾನ ಇಮ್ಮಡಿಯಾಯಿತು.

ಸೋಮವಾರ ಅವಳು ಹೊರಟ ಸ್ವಲ್ಪ ಹೊತ್ತಿಗೆ ನಾನೂ ಹೊರಟೆ. ತಲೆಗೆ ಬಟ್ಟೆ ಸುತ್ತಿಕೊಂಡಿದ್ದೆ. ಅವಳ ಕೈಯಲ್ಲಿ ಆ ಚೀಲವಿತ್ತು. ತುಂಬಿತ್ತು. ತರಕಾರಿಯವನ ಗಾಡಿ, ಬೀಗ ರಿಪೇರಿಯವನ ಪೆಟ್ಟಿಗೆ, ಇಸ್ತ್ರಿ ಅಂಗಡಿ ದಾಟಿ ಅವಳು ಕನ್ನಡಕದ ಅಂಗಡಿಗೆ ಹೋದಳು. ಎದುರುಬದಿಯ ಬಸ್ ನಿಲ್ದಾಣದಲ್ಲಿ ಕೂತು ಮಧ್ಯಾಹ್ನದವರೆಗೆ ಕಾದೆ. ಮೂರು ಬಸ್ಸಿನ ಕಂಡಕ್ಟರುಗಳು ಹತ್ತಮ್ಮ ಅಂತ ಕರೆದರು. ಊಟದ ಹೊತ್ತಿಗೆ ಅವಳು ಅಂಗಡಿಯ ಹಿಂಬಾಗಿಲಿಗೆ ಹೋದಾಗ ರಸ್ತೆ ದಾಟಿ ಒಳಗೆ ನುಗ್ಗಿದೆ.

ಅಂಗಡಿಯ ಯಜಮಾನರು ವಯಸ್ಸಾದವರು, ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಮದುವೆಯಲ್ಲಿ ನೋಡಿದ್ದ ಗುರುತು ಹಿಡಿದರು.

"ಬನ್ನಿ ಅಮ್ಮ, ಕಣ್ಣು ಪರೀಕ್ಷೆಗೆ ಬಂದ್ರಾ?"

"ಹೌದು" ಅಂದೆ. "ನಮ್ಮ ಹುಡುಗಿ ಎಲ್ಲಿ?"

"ಮಾಳಿಗೆ ಮೇಲೆ. ಇನ್ನೆಲ್ಲಿರ್ತಾಳೆ, ನಿಮ್ಮ ಆಲೂಗಡ್ಡೆ ಕಾಯ್ತಾ ಇದಾಳೆ." ಅವರು ನಕ್ಕರು. "ಮೂರು ತಿಂಗಳಾಯ್ತು. ನಿಮ್ಮ ಮಾಳಿಗೇಲಿ ಬಿಸಿಲು ಸಾಲಲ್ವಂತೆ, ಇಲ್ಲಿ ಒಣಗಿಸ್ಕೊಳ್ಲಾ ಅಂದ್ಲು. ಒಣಗಿಸ್ಕೊಳಮ್ಮ ಅಂದೆ. ಆದ್ರೆ ನಿಮ್ಮ ಕಟ್ಟುನಿಟ್ಟು ಜಾಸ್ತಿ ಆಯ್ತು ಬಿಡಿ. ಒಂದೊಂದು ಬಿಲ್ಲೇನೂ ಗಾಜು ನೋಡೋ ದೀಪಕ್ಕೆ ಹಿಡೀತಾಳೆ. ಬೆರಳಿನ ನೆರಳೂ ಕಾಣ್ಲಿಲ್ಲ, ಅತ್ತೆ ಒಪ್ಪಲ್ಲ ಅಂತ ಎತ್ತಿಡ್ತಾಳೆ. ಎತ್ತಿಟ್ಟಿದ್ದನ್ನೆಲ್ಲ ನಾವು ಹುರ್ಕೊಂಡು ತಿಂದು ದಪ್ಪ ಆದ್ವಿ."

ನಮ್ಮ ಮಾಳಿಗೆಯಷ್ಟು ಬಿಸಿಲು ಬೀದಿಯಲ್ಲಿ ಯಾರ ಮಾಳಿಗೆಗೂ ಬೀಳುವುದಿಲ್ಲ. ಇಲ್ಲಿಯೂ ಸುಳ್ಳು ಹೇಳಿದ್ದಳು.

ಮೆಟ್ಟಿಲು ಹತ್ತಿ ಅರ್ಧ ತೆರೆದ ಬಾಗಿಲಿನಿಂದ ನೋಡಿದೆ. ಬಿಳಿ ಬಟ್ಟೆಯ ಮೇಲೆ ಬಿಲ್ಲೆಗಳು, ನಾನು ಹರಡುವ ಹಾಗೆಯೇ, ಒಂದಕ್ಕೊಂದು ತಾಗದಂತೆ. ನಾಲ್ಕು ಮೂಲೆಗೂ ಹಳೆಯ ಕನ್ನಡಕದ ಪೆಟ್ಟಿಗೆಗಳ ಭಾರ. ಸೊಸೆ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ಮೊಣಕಾಲೂರಿ ಕೂತಿದ್ದಳು. ಒಂದು ಹಿಡಿ ಎತ್ತಿದಳು, ಕಣ್ಣು ಮುಚ್ಚಿದಳು, ತಲೆಯನ್ನು ಬಲಕ್ಕೆ ವಾಲಿಸಿ ಮೂಸಿದಳು. ಆಮೇಲೆ ಬೇಡವೆಂಬಂತೆ ತುಟಿ ಒತ್ತಿ ಮತ್ತೆ ಹರಡಿದಳು. ಇನ್ನೊಂದು ದಿನದ ಬಿಸಿಲು ಬೇಕಿತ್ತು.

ನಾಲ್ಕು ತಿಂಗಳು ನಾನು ಹಾಕಿದ ಲೆಕ್ಕವೆಲ್ಲ ಅಲ್ಲಿ, ಆ ಬಾಗಿಲ ಸಂದಿಯಲ್ಲಿ, ತಲೆಕೆಳಗಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳಿಗೆ ಕಾಣದಂತೆ ಇಳಿದು ಬಂದೆ. ಅಂಗಡಿಯ ಯಜಮಾನರು, "ಕಣ್ಣು ಪರೀಕ್ಷೆ?" ಅಂದರು. ಇನ್ನೊಂದು ದಿನ ಬರುತ್ತೇನೆ ಅಂದೆ.

ಮನೆಗೆ ಬಂದವಳೇ ನಾದಿನಿಗೆ ಫೋನ್ ಮಾಡಿ ಸಂಜೆ ಬಾ ಅಂದೆ. ಕಳ್ಳತನದ ವಿಷಯ ಇನ್ನೂ ಇದೆ ಅಂದದ್ದಕ್ಕೆ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಳು. ಮಗ, ಸೊಸೆ ಕೆಲಸದಿಂದ ಬಂದು ಕೈಕಾಲು ತೊಳೆಯುವಷ್ಟರಲ್ಲಿ ನಾನು ಏಳರಿಂದ ಹನ್ನೊಂದರ ತನಕ ಐದು ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಿದ್ದೆ. ಚೀಟಿಗಳನ್ನು ಎಲ್ಲರ ಕಡೆ ತಿರುಗಿಸಿದ್ದೆ. ಅದೇ ಮೇಜು. ಒಂದೊಂದರ ಮುಚ್ಚಳವನ್ನೂ ತೆಗೆದೆ. ಹತ್ತು, ಹನ್ನೊಂದನೆಯದರಲ್ಲಿ ನನ್ನ ಬಿಲ್ಲೆಗಳೇ ಇದ್ದವು. ಮುಚ್ಚಳ ತೆಗೆಯುತ್ತಲೇ ನಾದಿನಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನಿದು ಅತ್ತಿಗೆ, ಈ ಪರಿ ಮುಗ್ಗಲು ನಾತ?"

"ನಾತ ಇದೆಯಾ?" ಅಂದೆ. "ನನಗೆ ಬರಲ್ಲ. ಜ್ವರ ಬಂದಾಗಿಂದ ಯಾವ ವಾಸನೇನೂ ಬರಲ್ಲ. ಈ ಐದೂ ನಾನೇ ತುಂಬಿದ್ದು, ಐದೂ ಕೆಟ್ಟಿದ್ವು. ಇವಳು ಯಾವ ತವರಿಗೂ ಕೊಟ್ಟಿಲ್ಲ. ಕೆಟ್ಟಿದ್ದನ್ನ ಹೊರಗೆ ಚೆಲ್ಲಿ, ಅಂಗಡಿ ಮಾಳಿಗೇಲಿ ಒಣಗಿಸಿ, ಒಂದೊಂದಾಗಿ ತಂದು ತುಂಬಿಡ್ತಾ ಇದಾಳೆ. ನಿನ್ನೆ ಹೇಳಿದ್ದು ಸುಳ್ಳು. ನನ್ನ ತಪ್ಪು ಮುಚ್ಚೋಕೆ ಹೇಳಿದ್ದು. ಅದು ಸುಳ್ಳು ಅಂತ ಗೊತ್ತಿದ್ದೂ ನಾನು ಸುಮ್ಮನೆ ಕೂತಿದ್ದೆ."

ನಾದಿನಿಯ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಅಂಥದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದು.

ಸೊಸೆ ಗೋಡೆಗೆ ಒರಗಿ ನಿಂತು ಅಳುತ್ತಿದ್ದಳು. "ಮಾವ ಮೊದಲು ಗಮನಿಸಿದ್ದು ಅತ್ತೆ" ಅಂದಳು. "ಹಾಲು ಸೀದ ವಾಸನೆ ಮನೆಯೆಲ್ಲ ತುಂಬಿತ್ತು, ನೀವು ಪಕ್ಕದಲ್ಲೇ ಕೂತು ಗಡ್ಡೆ ಹೆಚ್ತಿದ್ರಿ. ಬೀದಿಯವರಿಗೆ ಗೊತ್ತಾದ್ರೆ ನಿಮಗೆ ಹೇಗಾಗತ್ತೋ ಅಂತ..."

ಯಜಮಾನರು ಕಿಟಕಿಯ ಕುರ್ಚಿಯಿಂದ ಏಳದೆಯೇ ಮಾತಾಡಿದರು. "ಅವತ್ತು ಅಮ್ಮನ ಡಬ್ಬಿಗಳನ್ನ ನೀನು ಇಲ್ಲೇ ಸಾಲಾಗಿ ಇಟ್ಟೆ. ನಾನು ಅನ್ನ ಕಲಸ್ತಾ ಸುಮ್ನೆ ಕೂತಿದ್ದೆ. ಆಮೇಲೆ ಏಳು ವರ್ಷ ಅವಳು ಈ ಕುರ್ಚೀಲಿ ಕೂತಿದ್ದನ್ನ ನೋಡ್ದೆ. ಈ ಸಲ ಸುಮ್ನೆ ಕೂರಬಾರ್ದು ಅನ್ನಿಸ್ತು. ಅದಕ್ಕೆ ಕೀಲಿ ನಾನೇ ತೆಗೆದು ಕೊಡ್ತಿದ್ದೆ."

ಮೂವತ್ತು ವರ್ಷದಲ್ಲಿ ಅವರು ಆ ಮಾತು ಎತ್ತಿದ್ದು ಅದೇ ಮೊದಲು. ಮರೆತಿದ್ದಾರೆ ಅಂದುಕೊಂಡಿದ್ದೆ. ನಾನು ಕೊರಳಿನ ದಾರ ತೆಗೆದು ಕೀಲಿಯನ್ನು ಮೇಜಿನ ಮೇಲಿಟ್ಟೆ. ನಮ್ಮತ್ತೆ ಇಟ್ಟಾಗ ಅದು ಮರಕ್ಕೆ ತಾಗಿ ಇಷ್ಟೇ ಸಣ್ಣ ಸದ್ದು ಮಾಡಿತ್ತು.

ಯಾರೂ ಅದನ್ನು ಮುಟ್ಟಲಿಲ್ಲ. ಮಗ ಎರಡು ಕೆಟ್ಟ ಡಬ್ಬಿಗಳನ್ನು ಎತ್ತಿಕೊಂಡು ಹೊರಗೆ ಚೆಲ್ಲಲು ಹೋದ. ನಾದಿನಿ ಹೇಳಿಕೊಳ್ಳಲು ಬೇಕಾದಷ್ಟು ಸಿಕ್ಕಿತೆಂಬಂತೆ ಬೇಗ ಎದ್ದಳು. ಹೇಳಿಕೊಳ್ಳಲಿ ಅಂತ ಬಿಟ್ಟೆ. ಸೊಸೆ ಮುಖ ಒರೆಸಿಕೊಂಡು ಒಳಗೆ ಹೋದಳು. ನಾನು ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದೆ. ಇನ್ನೇನು ಒಳಗಿನಿಂದ ಬಂದು, ನೀವು ಆರಾಮಾಗಿ ಕೂತ್ಕೊಳ್ಳಿ ಅತ್ತೆ ಅನ್ನುತ್ತಾಳೆ. ಹಾಗಂದರೂ ತಪ್ಪೇನೂ ಇಲ್ಲ, ಆ ಮಾತು ನನಗೆ ಬರಬೇಕಾದದ್ದೇ.

ಅವಳು ಬುಟ್ಟಿ ತುಂಬ ಗಡ್ಡೆ, ಎರಡು ಚಾಕು ಹಿಡಿದು ಬಂದಳು. ಬುಟ್ಟಿಯನ್ನು ಮೇಜಿನ ಮೇಲಿಟ್ಟು, ಕೀಲಿಯನ್ನು ನನ್ನ ಕಡೆ ಸರಿಸಿದಳು.

"ಮೂರು ತಿಂಗಳಿಂದ ಹೆಚ್ತಾ ಇದೀನಿ, ಒಂದು ದಿನವೂ ನಿಮ್ಮಷ್ಟು ತೆಳ್ಳಗೆ ಬರ್ಲಿಲ್ಲ" ಅಂದಳು. "ನೀವು ಹೆಚ್ಚಿ. ಮೂಸೋದು ನಾನು ಮೂಸ್ತೀನಿ."

ಕೂತೆ. ನಮ್ಮತ್ತೆ ಬಾಗಿಲಲ್ಲಿ ನಿಂತು ಸಿಪ್ಪೆನಾದ್ರೂ ಅಂದದ್ದು ನೆನಪಾಯಿತು. ಒಂದು ಚಾಕು, ಒಂದು ಗಡ್ಡೆ, ಅಷ್ಟೇ ಕೇಳಿದ್ದರು ಅವರು. ಕೊಡಬಹುದಿತ್ತು. ಮೊದಲ ಗಡ್ಡೆಯ ಸಿಪ್ಪೆ ತೆಗೆಯುವಾಗ ಕಣ್ಣು ತುಂಬಿ ಬಂತು, ಈರುಳ್ಳಿಯ ನೆಪ ಹೇಳಲು ಅಲ್ಲಿ ಈರುಳ್ಳಿಯೂ ಇರಲಿಲ್ಲ. ಸೊಸೆ ನೋಡಿಯೂ ನೋಡದವಳ ಹಾಗೆ ತನ್ನ ಗಡ್ಡೆ ಹೆಚ್ಚುತ್ತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ, ಎರಡು ಚಾಕುಗಳಲ್ಲಿ ಮೊಂಡಾದದ್ದನ್ನು ನನಗೆ ಕೊಟ್ಟಿದ್ದಾಳೆ ಎಂಬ ಅನುಮಾನ ಬಂತು. ಅವಳು ನೀರು ತರಲು ಎದ್ದಾಗ ಅವಳ ಚಾಕುವಿನಿಂದ ಒಂದು ಬಿಲ್ಲೆ ಹೆಚ್ಚಿ ನೋಡಿದೆ. ಮೊಂಡಾಗಿದ್ದದ್ದು ಅದೇ. ಹರಿತವಾದದ್ದನ್ನು ನನಗೆ ಕೊಟ್ಟಿದ್ದಳು.